ನರ್ಸರಿ ಚಪ್ಪರದ ಬಿದಿರು: ಒಂದು ತೋಟದ ಡೆಂಗಿ ಪ್ರಕರಣ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕಥೆ ಬರೆಯುವ ರೈಟರ್ ಅಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಚೆಕ್‌ರೋಲ್ ಹಿಡಿದು ನಿಂತು, ಯಾರು ಬಂದರು, ಯಾರು ಬರಲಿಲ್ಲ, ಯಾರನ್ನು ಯಾವ ಕೆಲಸಕ್ಕೆ ಕಳಿಸಿದೆವು ಅಂತ ಬರೆದುಕೊಳ್ಳುವವನು. 2024ರ ಮೇ ಕೊನೆಗೆ ನಮ್ಮ ತೋಟದಲ್ಲಿ ಡೆಂಗಿ ಕಾಣಿಸಿಕೊಂಡಿತು. ಎರಡು ವಾರದಲ್ಲಿ ಏಳು ಜನ ಮಲಗಿದರು. ಒಬ್ಬ ಹೆಂಗಸು ಕೈ ತಪ್ಪಿ ಹೋಗುವುದರಲ್ಲಿದ್ದಳು. ಸೊಳ್ಳೆ ಎಲ್ಲಿ ಹುಟ್ಟುತ್ತಿದೆ ಅನ್ನೋದನ್ನು ಕೊನೆಗೆ ತೋರಿಸಿಕೊಟ್ಟಿದ್ದು ಇದೇ ಚೆಕ್‌ರೋಲ್. ಅದಕ್ಕೆ ಮುಂಚೆ ನಾವು ಮಾಡಿದ್ದೆಲ್ಲ ತಪ್ಪು ಜಾಗದಲ್ಲಿ, ತಪ್ಪು ಹೊತ್ತಿನಲ್ಲಿ.

ಆ ವರ್ಷ ಬೇಸಿಗೆ ಜೋರಾಗಿತ್ತು. ಕಾಫಿ ಹೂ ಅರಳಿಸುವ ಹೂಮಳೆಗೆ ಕಾದು ಕಾದು ಸಾಕಾಗಿ ಸ್ಪ್ರಿಂಕ್ಲರ್ ಹಾಕಿದ್ದೆವು. ಮೇ ತಿಂಗಳಲ್ಲಿ ಮಳೆ ಶುರುವಾಯಿತು. ಮಧ್ಯಾಹ್ನ ಗುಡುಗಿ ಒಂದು ಗಂಟೆ ಸುರಿಯೋದು, ಮಾರನೇ ದಿನ ಸುಡುವ ಬಿಸಿಲು. ಜುಲೈನ ಜಡಿಮಳೆಗಿಂತ ಈ ಬಿಟ್ಟು ಬಿಟ್ಟು ಬರುವ ಮಳೆಯೇ ಸೊಳ್ಳೆಗೆ ಹಿತ. ಜಡಿಮಳೆಯಲ್ಲಿ ಪಾತ್ರೆ ಉಕ್ಕಿ ಮರಿಗಳು ಕೊಚ್ಚಿಕೊಂಡು ಹೋಗುತ್ತವೆ. ಒಂದು ಗಂಟೆಯ ಮಳೆ ಪಾತ್ರೆ ತುಂಬಿಸಿ ಸುಮ್ಮನಾಗುತ್ತದೆ.

ಕೊಯ್ಲಿಗೆ ಬಂದಿದ್ದ ಅಸ್ಸಾಮಿನ ಕೆಲಸದವರು ಅಷ್ಟು ಹೊತ್ತಿಗೆ ವಾಪಸ್ ಹೋಗಿದ್ದರು. ಉಳಿದವರು 31 ಜನ. 22 ಜನ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮತ್ತು ಕಳೆ ತೆಗೆಯುವ ಕೆಲಸಕ್ಕೆ. ಒಂಬತ್ತು ಜನ ಕಾಳುಮೆಣಸಿನ ನರ್ಸರಿಗೆ. ನರ್ಸರಿ ಅಂದ್ರೆ ಬಿದಿರಿನ ಕಂಬ ನೆಟ್ಟು, ಮೇಲೆ ನೆರಳಿನ ಬಲೆ ಕಟ್ಟಿದ ಚಪ್ಪರ. ಕೆಳಗೆ ಪಣಿಯೂರು ತಳಿಯ ಮೆಣಸಿನ ಬಳ್ಳಿಯ ತುಂಡುಗಳನ್ನು ನೆಟ್ಟ ಸಾವಿರಾರು ಪ್ಲಾಸ್ಟಿಕ್ ತೊಟ್ಟೆಗಳು. ಕೆಲಸದವರು ಇರುವ ಸಾಲುಮನೆ, ಅಂದ್ರೆ ಲೈನ್‌ಮನೆಗಳಿಂದ ಅದು ಸುಮಾರು 300 ಮೀಟರ್ ದೂರ, ಕೆರೆ ಪಕ್ಕ.

ಮೇ 30ರ ಗುರುವಾರ ನರ್ಸರಿಯ ಒಬ್ಬ ಗಂಡಾಳು ಬರಲಿಲ್ಲ. ಮಾರನೇ ದಿನ ಮರಗಸಿಯ ಒಬ್ಬ. ಜೂನ್ 1ಕ್ಕೆ ನರ್ಸರಿಯ ಇಬ್ಬರು ಹೆಂಗಸರು. 2ಕ್ಕೆ ಅವರಲ್ಲೊಬ್ಬಳ ನಾಲ್ಕು ವರ್ಷದ ಮಗು. 4ಕ್ಕೆ ಇನ್ನೊಬ್ಬ ನರ್ಸರಿ ಆಳು. ಎಲ್ಲರದ್ದೂ ಒಂದೇ ಮಾತು: ಕೆಂಡದಂಥ ಜ್ವರ, ಕಣ್ಣಿನ ಹಿಂದೆ ನೋವು, ಮೈಯೆಲ್ಲ ಮುರಿದ ಹಾಗೆ. ಮೊದಲ ಎರಡು ದಿನ ನಾನು ಅದನ್ನು ಜ್ವರ ಅಂತಲೇ ನೋಡಲಿಲ್ಲ, ಗೈರು ಅಂತ ನೋಡಿದೆ. ನರ್ಸರಿಗೆ ನೀರು ಹಾಕಲು ಜನ ಸಾಲದು ಅನ್ನೋದು ನನ್ನ ಚಿಂತೆ.

ಮೂರನೆಯವಳೂ ಮಲಗಿದ ಮೇಲೆ ಎಲ್ಲರೂ ಡಾಕ್ಟರಾದರು. ಒಬ್ಬರು ಇಲಿಜ್ವರ ಅಂದರು. ಅದನ್ನು ತಳ್ಳಿಹಾಕುವಂತಿರಲಿಲ್ಲ, ಮಳೆಗಾಲದಲ್ಲಿ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಅದು ಬರುತ್ತದೆ. ಇನ್ನೊಬ್ಬರು ಮಂಗನ ಕಾಯಿಲೆ ಅಂದರು. ಅದು ಸೊಳ್ಳೆಯಿಂದಲ್ಲ, ರಕ್ತ ಹೀರುವ ಉಣ್ಣೆ ಹುಳದಿಂದ ಬರುವುದು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಮೇಸ್ತ್ರಿಯೊಬ್ಬರು ಮಾತ್ರ ಖಡಾಖಂಡಿತವಾಗಿ ಹೇಳಿದರು: "ಸೊಳ್ಳೆ ಜಾಸ್ತಿ ಆಗಿದೆ ರೈಟ್ರೇ. ಸೊಳ್ಳೇದೇ ಇದು."

ಸೊಳ್ಳೆ ಅಂದ ಕೂಡಲೇ ನಾವೇನು ಮಾಡಿದೆವು? ಲೈನ್‌ಮನೆ ಹಿಂದಿನ ಚರಂಡಿಗೆ ಬ್ಲೀಚಿಂಗ್ ಪೌಡರ್ ಸುರಿದೆವು. ಸುತ್ತಲಿನ ಪೊದೆ ಕಡಿಸಿದೆವು. ಸಂಜೆ ಕಾಫಿ ಹೊಟ್ಟು, ಬೇವಿನ ಸೊಪ್ಪು ಸೇರಿಸಿ ಹೊಗೆ ಹಾಕಿದೆವು. ಪೇಟೆಯಿಂದ ಹನ್ನೆರಡು ಸೊಳ್ಳೆಪರದೆ ತರಿಸಿದೆವು. ಜೂನ್ 3ರ ಸಂಜೆ ಹೊಗೆ ಯಂತ್ರದವರನ್ನು ಕರೆಸಿ ಲೈನ್‌ಮನೆಗಳ ಸುತ್ತ ಭರ್ರೋ ಅಂತ ಫಾಗಿಂಗ್ ಮಾಡಿಸಿದೆವು. ಮಕ್ಕಳು ಹೊಗೆಯ ಹಿಂದೆ ಓಡಿದರು. ಏನೋ ದೊಡ್ಡ ಕೆಲಸ ಆಯಿತು ಅಂತ ಎಲ್ಲರಿಗೂ ಸಮಾಧಾನ.

ಇದು ದಡ್ಡತನ ಅಂತ ಈಗ ನಗಬಹುದು. ಆದರೆ ಇದರ ಹಿಂದೆ ಒಂದು ಹಳೆಯ ಬುದ್ಧಿವಂತಿಕೆ ಇತ್ತು. ಈ ಸೀಮೆಗೆ ಸೊಳ್ಳೆ ಜ್ವರ ಹೊಸದಲ್ಲ. ನಮ್ಮಮ್ಮನ ಕಾಲದಲ್ಲಿ ಅದಕ್ಕೆ ಚಳಿಜ್ವರ ಅಂತಿದ್ದರು. ನಡುಗಿ ನಡುಗಿ ಕಂಬಳಿ ಮೇಲೆ ಕಂಬಳಿ ಹೊದೆಯುವ ಮಲೇರಿಯಾ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಶುರುವಾದ ಮೇಲೆ ಡಿಡಿಟಿ ಹೊಡೆಯುವವರು ಮನೆಮನೆಗೆ ಬಂದು, ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರಂತೆ. ಆ ಗೋಡೆಗೆ ಆಮೇಲೆ ಸುಣ್ಣ ಬಳಿಯಬೇಡಿ ಅಂತ ಬೈಯುತ್ತಿದ್ದರಂತೆ. ಅದಕ್ಕೆ ಕಾರಣವಿತ್ತು. ಮಲೇರಿಯಾ ಹರಡುವ ಅನಾಫಿಲಿಸ್ ರಾತ್ರಿ ಕಚ್ಚುತ್ತದೆ. ರಕ್ತ ಕುಡಿದು ಹೊಟ್ಟೆ ಭಾರವಾಗಿ ಅಲ್ಲೇ ಗೋಡೆ ಮೇಲೆ ಕೂರುತ್ತದೆ. ಗೋಡೆಯಲ್ಲಿ ಔಷಧಿ ಇದ್ದರೆ ಸಾಯುತ್ತದೆ. ರಾತ್ರಿ, ಮನೆ, ಗೋಡೆ, ಪರದೆ. ಮೂರು ತಲೆಮಾರಿಗೆ ಇದು ಪಾಠವಾಗಿ ಕೂತುಬಿಟ್ಟಿದೆ. ನಾವು ನಮ್ಮಜ್ಜನ ಕಾಲದ ಸೊಳ್ಳೆ ಜೊತೆ ಜಗಳ ಆಡುತ್ತಿದ್ದೆವು.

ಈಗ ಆ ಹೆಂಗಸಿನ ವಿಷಯ. ಜೂನ್ 1ಕ್ಕೆ ಜ್ವರ ಬಂದ ಇಬ್ಬರಲ್ಲಿ ಒಬ್ಬಳು, ವಯಸ್ಸು ನಲವತ್ತರ ಹತ್ತಿರ. ಪೇಟೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಮೈಕೈ ನೋವು ಅಂದಿದ್ದಕ್ಕೆ ಡೈಕ್ಲೋಫೆನಾಕ್ ಮಾತ್ರೆ ಕೊಟ್ಟಿದ್ದರು. ಡೆಂಗಿ ಅನುಮಾನ ಇದ್ದಾಗ ಇಂಥ ನೋವಿನ ಮಾತ್ರೆ, ಆಸ್ಪಿರಿನ್, ಐಬುಪ್ರೊಫೆನ್ ಯಾವುದನ್ನೂ ತಗೋಬಾರದು. ರಕ್ತಸ್ರಾವ ಜಾಸ್ತಿಯಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಇದು ಅಂಗಡಿಯವನಿಗೆ ಗೊತ್ತಿರಬೇಕಿತ್ತು. ನನಗಂತೂ ಗೊತ್ತಿರಲಿಲ್ಲ.

ಜೂನ್ 5ರ ಬೆಳಿಗ್ಗೆ ಅವಳು ಚೆಕ್‌ರೋಲ್ ಹೊತ್ತಿಗೆ ಬಂದು ನಿಂತಳು. "ಜ್ವರ ಬಿಡ್ತು, ಹೆಸರು ಹಾಕಿ" ಅಂದಳು. ಹಣೆ ಮುಟ್ಟಿದರೆ ತಣ್ಣಗಿತ್ತು. ನಾನು ಹಾಜರಿ ಹಾಕಿದೆ. ಆ ದಿನದ ಪುಟದಲ್ಲಿ ಅವಳ ಹೆಸರಿನ ಮುಂದೆ ನನ್ನ ಕೈಬರಹದ ಒಂದು ಗೀಟು ಈಗಲೂ ಇದೆ.

ಹತ್ತು ಗಂಟೆಗೆ ನರ್ಸರಿಯಿಂದ ಹುಡುಗ ಓಡಿ ಬಂದ. ಹೋಗಿ ನೋಡಿದರೆ ತೊಟ್ಟೆಗಳ ಸಾಲಿನ ಮಧ್ಯೆ ಕಾಲು ಮಡಚಿ ಕೂತಿದ್ದಾಳೆ. ಎರಡು ಸಲ ವಾಂತಿಯಾಗಿದೆ. ಹೊಟ್ಟೆ ಹಿಡಿದುಕೊಂಡಿದ್ದಾಳೆ. ಕೈಕಾಲು ತಣ್ಣಗೆ, ಅಂಗೈಯಲ್ಲಿ ಬೆವರು. ವಸಡಿನಲ್ಲಿ ರಕ್ತ. ಜೀಪಿಗೆ ಹಾಕಿಕೊಂಡು ಹೊರಟೆವು.

ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು ಜ್ವರ ಎಷ್ಟಿದೆ ಅಂತಲ್ಲ, ಜ್ವರ ಯಾವಾಗ ಬಿಟ್ಟಿತು ಅಂತ. ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗೋದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ. ಆಗ ಕೆಲವರಿಗೆ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಒಂದು ಗಂಟೆಯೂ ಕಾಯುವಂತಿಲ್ಲ. ಅವಳಿಗೆ ಪ್ಲೇಟ್‌ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ, 38 ಸಾವಿರಕ್ಕೆ ಇಳಿದಿತ್ತು. ನಾವೆಲ್ಲ ಪ್ಲೇಟ್‌ಲೆಟ್ ಕೊಡಿ ಕೊಡಿ ಅಂತ ಗೋಗರೆದೆವು. ಅವರು ಕೊಡಲಿಲ್ಲ. ಬಿಪಿ ಮತ್ತು ಮೂತ್ರ ನೋಡಿಕೊಂಡು, ಅಳತೆ ಮಾಡಿ ಡ್ರಿಪ್ ಕೊಟ್ಟರು. ಅದು ಜಾಸ್ತಿಯಾದರೂ ಕಷ್ಟವಂತೆ, ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತದೆ. ಪಪ್ಪಾಯ ಎಲೆ ರಸ ತಂದವರನ್ನು ನರ್ಸ್ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಮೊದಲೇ ವಾಂತಿ ಮಾಡುತ್ತಿರುವವಳಿಗೆ ಆ ಕಹಿ ಕುಡಿಸೋದಾ ಅಂತ. ನಾಲ್ಕು ದಿನಕ್ಕೆ ಅವಳು ಮನೆಗೆ ಬಂದಳು.

ಜೂನ್ 6ಕ್ಕೆ ಆರೋಗ್ಯ ಇಲಾಖೆಯವರು ತೋಟಕ್ಕೆ ಬಂದರು. ಜೊತೆಗೆ ನಮ್ಮ ಊರಿನ ಆಶಾ ಕಾರ್ಯಕರ್ತೆ. ಅವರ ಕೈಯಲ್ಲಿ ಒಂದು ಟಾರ್ಚು, ಒಂದು ಬಿಳಿ ಸೌಟು. ನಾನು ಹೆಮ್ಮೆಯಿಂದ ಚರಂಡಿ ತೋರಿಸಲು ಹೊರಟೆ. ಆಕೆ, "ಚರಂಡಿ ಬಿಡಿ, ಡ್ರಮ್ ತೋರಿಸಿ" ಅಂದರು.

ಆಮೇಲೆ ಗೊತ್ತಾಯಿತು. ಡೆಂಗಿ ತರುವ ಏಡಿಸ್ ಸೊಳ್ಳೆ ಹರಿಯುವ ಗಲೀಜು ಚರಂಡಿಯಲ್ಲಿ ಮೊಟ್ಟೆ ಇಡಲು ಹೋಗುವುದಿಲ್ಲ. ಸಣ್ಣಪುಟ್ಟ ಪಾತ್ರೆಯಲ್ಲಿ ನಿಂತ ನೀರು ಅದಕ್ಕೆ ಬೇಕು. ಕಚ್ಚುವುದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಕಾಲಿಗೆ ಬಿಳಿ ಪಟ್ಟಿ ಇರುವುದರಿಂದ ಹುಲಿ ಸೊಳ್ಳೆ ಅಂತಾರಲ್ಲ, ಅದೇ. ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದೂ ಇಲ್ಲ. ರಾತ್ರಿ ಪರದೆ ಕಟ್ಟಿಕೊಂಡು ಮಲಗಿದವನನ್ನು ಅದು ಬೆಳಿಗ್ಗೆ ಒಂಬತ್ತಕ್ಕೆ ಕೆಲಸದ ಜಾಗದಲ್ಲಿ ಕಚ್ಚುತ್ತದೆ. ಹಗಲು ಮಲಗುವ ಮಗುವಿಗೆ, ಜ್ವರ ಬಂದು ಮಲಗಿದವರಿಗೆ ಪರದೆ ಬೇಕೇ ಬೇಕು. ಉಳಿದವರಿಗೆ ಅದರಿಂದ ಡೆಂಗಿ ತಪ್ಪುವುದಿಲ್ಲ.

ಲೈನ್‌ಮನೆಯ ಮೂರು ನೀರಿನ ಡ್ರಮ್ಮಿನಲ್ಲಿ ಮರಿಗಳು ಸಿಕ್ಕವು. ಬೇಸಿಗೆಯ ನೀರಿನ ಕಷ್ಟಕ್ಕೆ ತುಂಬಿಸಿಟ್ಟು, ಮಳೆ ಬಂದ ಮೇಲೆ ಮರೆತ ಡ್ರಮ್ಮುಗಳು. ಚೆಲ್ಲಿಸಿದರು. ಬರೀ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಿ ಅಂದರು. ಏಡಿಸ್ ಮೊಟ್ಟೆ ನೀರಿನ ಮೇಲೆ ತೇಲುವುದಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತಾಗಿದರೆ ಒಡೆಯುತ್ತದೆ. ಅಲ್ಲಿಂದ ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಒಣಗಿಸಿ ಅಂತ ಹೇಳುವುದು ಈ ಲೆಕ್ಕದಿಂದ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಡ್ರಮ್ಮೇ ಕಾರಣ ಅಂತ ಎಲ್ಲರೂ ಒಪ್ಪಿದರು. ನನಗೆ ಸಮಾಧಾನವಾಗಲಿಲ್ಲ. ಆ ಡ್ರಮ್ಮುಗಳ ಪಕ್ಕದ ಮನೆಗಳಲ್ಲಿ ಹನ್ನೊಂದು ಜನ ಮರಗಸಿ ಆಳುಗಳಿದ್ದರು. ಒಬ್ಬನನ್ನು ಬಿಟ್ಟರೆ ಯಾರಿಗೂ ಜ್ವರವಿಲ್ಲ. ಅದೇ ಹೊತ್ತಿಗೆ, ಜೂನ್ 4ಕ್ಕೆ ಮಲಗಿದ ನರ್ಸರಿ ಆಳು ಲೈನಿನವನೇ ಅಲ್ಲ, ಎರಡು ಕಿಲೋಮೀಟರ್ ದೂರದ ಹಾಡಿಯಿಂದ ನಡೆದು ಬರುವವನು.

ರಾತ್ರಿ ಚೆಕ್‌ರೋಲ್ ಬಿಚ್ಚಿಕೊಂಡು ಕೂತೆ. ಜ್ವರ ಬಂದವರ ಹೆಸರಿನ ಮೇಲೆ ಬೆರಳಿಟ್ಟು, ಹಿಂದಿನ ಹತ್ತು ದಿನ ಅವರು ಎಲ್ಲಿದ್ದರು ಅಂತ ನೋಡುತ್ತಾ ಹೋದೆ. ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ ಕಾಣಿಸಿಕೊಳ್ಳುತ್ತದೆ ಅಂತ ಬೆಳಿಗ್ಗೆ ಹೇಳಿದ್ದರಲ್ಲ. ನಾಲ್ಕು ಜನ ನರ್ಸರಿಯವರೇ. ಮಗು ತಾಯಿಯ ಜೊತೆ ದಿನವೂ ನರ್ಸರಿಗೆ ಬಂದು ಚಪ್ಪರದ ಕೆಳಗೆ ಆಡುತ್ತಿತ್ತು. ಚೆಕ್‌ರೋಲಿನಲ್ಲಿ ಅದರ ಹೆಸರು ಇಲ್ಲ, ಆದರೆ ನನಗೆ ಗೊತ್ತು. ಉಳಿದವನು ಮೇ 31ಕ್ಕೆ ಮಲಗಿದ ಮರಗಸಿಯ ಆಳು. ಅವನ ಸಾಲಿನಲ್ಲಿ ಎಲ್ಲ ದಿನವೂ ಮರಗಸಿ, ಮರಗಸಿ, ಮರಗಸಿ. ಮೇ 24, 25ರ ಚೌಕದಲ್ಲಿ ಮಾತ್ರ ಸಣ್ಣದಾಗಿ 'ನ' ಅಂತ ಬರೆದಿದ್ದೆ. ಆ ಶುಕ್ರವಾರ, ಶನಿವಾರ ಮಣ್ಣು ಹೊರಲು ಅವನನ್ನು ನರ್ಸರಿಗೆ ಕಳಿಸಿದ್ದೆ.

ಇನ್ನೂ ಹಿಂದಕ್ಕೆ ಹೋದೆ. ಮೇ 13, 14ರಲ್ಲಿ ನರ್ಸರಿಯ ಪಟ್ಟಿಯ ಕೆಳಗೆ ಒಂದು ಹೊಸ ಹೆಸರು. ಬೆಂಗಳೂರಿನ ಹೋಟೆಲಿನಲ್ಲಿ ಕೆಲಸ ಮಾಡುವ, ಊರಿಗೆ ಬಂದಿದ್ದ ಒಬ್ಬ ಹುಡುಗ. ಅಮ್ಮನ ಜೊತೆ ಎರಡು ದಿನ ಕೂಲಿಗೆ ಬಂದು ಮೂರನೇ ದಿನ ಮಲಗಿದ್ದ. ಬಸ್ ಪ್ರಯಾಣದ ಸುಸ್ತು, ಜ್ವರ ಅಂದಿದ್ದರು. ಡೆಂಗಿ ತಗುಲಿದವನನ್ನು, ಜ್ವರ ಏರುವ ಒಂದೆರಡು ದಿನ ಮುಂಚೆಯೇ ಆದರೂ, ಕಚ್ಚಿದ ಸೊಳ್ಳೆಯ ಒಳಗೆ ವೈರಸ್ ಬೆಳೆಯಲು ಎಂಟರಿಂದ ಹನ್ನೆರಡು ದಿನ ಬೇಕು. ಆಮೇಲೆ ಅದು ಬದುಕಿರುವಷ್ಟು ದಿನ ಕಚ್ಚಿದವರಿಗೆಲ್ಲ ದಾಟಿಸಬಲ್ಲದು. 13ಕ್ಕೆ ಹತ್ತು ಸೇರಿಸಿದರೆ 23. ಅಲ್ಲಿಂದ ಏಳು ದಿನಕ್ಕೆ 30. ನನ್ನ ಮೊದಲ ಗೈರು ಮೇ 30. ಮಾರನೇ ದಿನ ಆ ಹುಡುಗನ ರಕ್ತವನ್ನೂ ತೆಗೆದರು. ಡೆಂಗಿ ಬಂದು ಹೋದದ್ದಕ್ಕೆ ಗುರುತಾದ ಐಜಿಎಂ ಪಾಸಿಟಿವ್ ಬಂತು. ಪಾಪ, ಅವನಿಗೇನು ಗೊತ್ತಿತ್ತು? ಅವನಮ್ಮ ಮಾತ್ರ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ, ಮಗನ ಮೇಲೆ ತಪ್ಪು ಹೊರಿಸಿದೆ ಅಂತ.

ಹಾಗಾದರೆ ಸೊಳ್ಳೆ ಇರುವುದು ನರ್ಸರಿಯಲ್ಲಿ. ಆದರೆ ಎಲ್ಲಿ? ಜೂನ್ 7ರ ಬೆಳಿಗ್ಗೆ ಆಶಾ ಕಾರ್ಯಕರ್ತೆ, ಮೇಸ್ತ್ರಿ, ನಾನು ಹೋಗಿ ತಡಕಾಡಿದೆವು. ಡ್ರಮ್ ಇಲ್ಲ, ಟಯರ್ ಇಲ್ಲ. ತೊಟ್ಟೆಗಳ ತಳದಲ್ಲಿ ತೂತಿದೆ, ನೀರು ನಿಲ್ಲುವುದಿಲ್ಲ. ನೀರು ಹಾಕುವ ಕ್ಯಾನು ಖಾಲಿ. ನಿಂತ ಹತ್ತು ನಿಮಿಷದಲ್ಲಿ ನನ್ನ ಮೊಣಕೈಗೆ ಮೂರು ಸೊಳ್ಳೆ. ಹುಟ್ಟುವ ಜಾಗ ಮಾತ್ರ ಕಾಣದು.

ಮೇಸ್ತ್ರಿ ಬೀಡಿ ಹಚ್ಚಲು ಒಂದು ಕಂಬಕ್ಕೆ ಒರಗಿದರು. ಬಿದಿರು ಅಲುಗಿತು. ಮೇಲಿನಿಂದ ಅವರ ಹೆಗಲಿಗೆ ಒಂದಿಷ್ಟು ನೀರು ಚೆಲ್ಲಿತು. ಆ ದಿನ ಮಳೆ ಬಂದಿರಲಿಲ್ಲ.

ಬಿದಿರನ್ನು ಕಡಿಯುವಾಗ ಗಂಟಿನ ಲೆಕ್ಕ ಯಾರು ನೋಡುತ್ತಾರೆ? ಎತ್ತರ ನೋಡಿ ಕಡಿಯುತ್ತೇವೆ. ಗಂಟಿನಿಂದ ಒಂದು ಗೇಣು ಮೇಲೆ ಕಡಿದರೆ ಕಂಬದ ತುದಿ ಒಂದು ಲೋಟ. ತಳ ಭದ್ರ, ಬಾಯಿ ತೆರೆದದ್ದು. ನೆರಳಿನ ಬಲೆಯಿಂದ ತೊಟ್ಟಿಕ್ಕಿದ ಮಳೆನೀರು ಅದಕ್ಕೇ ಬೀಳುತ್ತದೆ. 48 ಕಂಬ. ನೆಲದಲ್ಲಿ ನೆಟ್ಟಿರುವುದರಿಂದ ಬಗ್ಗಿಸಿ ಚೆಲ್ಲುವಂತಿಲ್ಲ, ಸೌಟು ಒಳಗೆ ಹೋಗುವುದಿಲ್ಲ. ಹಸುವಿಗೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿಗೆ ಒಂದು ತುಂಡು ಪೈಪ್ ಸಿಕ್ಕಿಸಿ, ಸ್ಟೂಲ್ ಹತ್ತಿ ಒಂದೊಂದರಿಂದಲೂ ನೀರು ಎಳೆದೆವು. ಬಿಳಿ ಪಿಂಗಾಣಿ ತಟ್ಟೆಗೆ ಬಿಟ್ಟೆವು. ಕೊಳೆತ ಎಲೆಯ ಬಣ್ಣ ಇಳಿದು ಕಪ್ಪು ಟೀ ಥರ ಇತ್ತು ನೀರು. ಅದರಲ್ಲಿ ದಾರದ ತುಂಡಿನಂಥವು ಕೊಂಕಿ ಕೊಂಕಿ ಈಜುತ್ತಿದ್ದವು. ತಟ್ಟೆ ಮೇಲೆ ಕೈ ನೆರಳು ಬಿದ್ದರೆ ಸರಕ್ಕನೆ ತಳಕ್ಕೆ. ಒಂದು ಕ್ಷಣ ಬಿಟ್ಟು ಮತ್ತೆ ಮೇಲೆ ಬಂದು, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಉಸಿರಾಡುತ್ತಾ ನಿಲ್ಲುತ್ತಿದ್ದವು. ಅಲ್ಪವಿರಾಮದಂತೆ ಬಾಗಿದ ಕೋಶಗಳೂ ಇದ್ದವು, ಇನ್ನೆರಡು ದಿನಕ್ಕೆ ಸೊಳ್ಳೆಯಾಗುವಂಥವು. 48ರಲ್ಲಿ 31 ಕಂಬದಲ್ಲಿ ನೀರು. ನೀರಿದ್ದ ಬಹುಪಾಲು ಕಂಬದಲ್ಲಿ ಮರಿ.

'ಶುದ್ಧ ನೀರಿನಲ್ಲಿ ಡೆಂಗಿ ಸೊಳ್ಳೆ' ಅಂತ ಗೋಡೆ ಬರಹ ಓದಿದ್ದೆವಲ್ಲ. ಈ ನೀರನ್ನು ಯಾರೂ ಶುದ್ಧ ಅನ್ನಲಾರರು. ಪೇಟೆಯ ಏಡಿಸ್ ಇಜಿಪ್ಟೈ ಮನೆಯೊಳಗಿನ ಡ್ರಮ್ಮು, ತೊಟ್ಟಿಗೆ ಒಗ್ಗಿಕೊಂಡದ್ದು. ನಮ್ಮ ತೋಟದ್ದು ಅದರ ಅಣ್ಣತಮ್ಮ, ಏಡಿಸ್ ಆಲ್ಬೊಪಿಕ್ಟಸ್. ಮೂಲತಃ ಕಾಡಿನದು. ಮರದ ಪೊಟರೆ, ಕಡಿದ ಬಿದಿರಿನ ಬುಡ ಇದರ ತವರು. ನಾವು ಅದಕ್ಕೆ 48 ಮನೆ ಕಟ್ಟಿಕೊಟ್ಟು, ಕೆಳಗೆ ಒಂಬತ್ತು ಜನರನ್ನು ದಿನವಿಡೀ ನೆರಳಲ್ಲಿ ಕೂರಿಸಿದ್ದೆವು.

ಜೂನ್ 8ಕ್ಕೆ ಎಲ್ಲ ಕಂಬದ ತುದಿಗೆ ಮರಳು ತುಂಬಿ, ಮೇಲೆ ಒಂದು ಹಿಡಿ ಸಿಮೆಂಟ್ ಮೆತ್ತಿದೆವು. ಒಂದು ದಿನದ ಕೆಲಸ. ಹಾರಾಡುತ್ತಿದ್ದ ಸೊಳ್ಳೆಗಳಿಗೆ ಅವತ್ತೂ ಮಾರನೇ ದಿನವೂ ನರ್ಸರಿಯಲ್ಲೇ ಫಾಗಿಂಗ್ ಮಾಡಿಸಿದೆವು. ಫಾಗಿಂಗ್ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಅದು ಹಾರುವುದನ್ನು ಕೊಲ್ಲುತ್ತದೆ, ನೀರಿನೊಳಗಿನ ಮರಿಯನ್ನಲ್ಲ. ಜ್ವರ ಹರಡಿರುವ ಜಾಗದಲ್ಲಿ, ನೀರು ಖಾಲಿ ಮಾಡಿದ ಮೇಲೆ ಮಾಡಿದರೆ ಉಪಯೋಗ. ನಾವು ಮೊದಲ ಸಲ ಮಾಡಿಸಿದ್ದು ಬರೀ ಮನಸ್ಸಿನ ಸಮಾಧಾನಕ್ಕೆ. ಮುಚ್ಚಲಾಗದ ಕೆರೆಪಕ್ಕದ ಸಿಮೆಂಟ್ ತೊಟ್ಟಿಗೆ ಇಲಾಖೆಯವರು ಗಪ್ಪಿ ಮೀನು ತಂದು ಬಿಟ್ಟರು.

ಜೂನ್ 12ಕ್ಕೆ ನರ್ಸರಿಯ ಇನ್ನೊಬ್ಬಳಿಗೆ ಜ್ವರ ಬಂತು. ಎಲ್ಲರ ಮುಖ ಬಾಡಿತು. ನಾನು ದಿನ ಎಣಿಸಿ ನೋಡಿದೆ. ಕಂಬ ಮುಚ್ಚುವುದಕ್ಕೆ ಮುಂಚೆಯೇ ಕಚ್ಚಿಸಿಕೊಂಡಿರಬೇಕು. ಈ ಸಲ ಮೊದಲ ದಿನವೇ ಡೆಂಗಿ ಪತ್ತೆಯ ಎನ್ಎಸ್1 ರಕ್ತಪರೀಕ್ಷೆ, ಪ್ಯಾರಾಸಿಟಮಾಲ್, ಗಂಜಿ, ಎಳನೀರು, ಹಗಲೂ ಪರದೆ. ಜ್ವರ ಬಿಟ್ಟ ಮೇಲೂ ಮೂರು ದಿನ ಹಾಜರಿ ಹಾಕಲಿಲ್ಲ, ಕೂಲಿ ಮಾತ್ರ ಕೊಟ್ಟೆವು. ಓನರ್ ಮೊದಲು ಮುಖ ಸಿಂಡರಿಸಿದರು, ಆಸ್ಪತ್ರೆ ಬಿಲ್ ನೆನಪಿಸಿದ ಮೇಲೆ ಸುಮ್ಮನಾದರು. ಅವಳ ನಂತರ ಯಾರೂ ಮಲಗಲಿಲ್ಲ.

ಆ ವರ್ಷವೇ ಮಳೆಗಾಲದ ಕೊನೆಗೆ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂತಲೂ ಮಾಡಿತು. ದಂಡದ ಸುದ್ದಿ ಕೇಳಿ ನಮ್ಮ ಸುತ್ತಲಿನ ತೋಟದವರು ಅಂಗಳದ ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಎಲ್ಲ ಒರೆಸಿದರು. ಅದೂ ಬೇಕು. ಆದರೆ ತೋಟದೊಳಗೆ ಯಾರು ನೋಡುತ್ತಾರೆ? ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟು ಬಿಟ್ಟು ಬರುವಾಗ ಅಡಿಕೆ ಸಾಲಿನಲ್ಲಿ ನಡೆದು ನೋಡಿ. ಉದುರಿದ ಒಂದೊಂದು ಹಾಳೆಯೂ ದೋಣಿಯ ಹಾಗೆ ನೀರು ಹಿಡಿದುಕೊಂಡು ಬಿದ್ದಿರುತ್ತದೆ. ಸೌದೆ ಮೇಲೆ ಹೊದಿಸಿದ ನೀಲಿ ಟಾರ್ಪಾಲಿನ ಮಡಿಕೆಗಳಲ್ಲಿ ನೀರು. ಬೋರ್ಡೋ ದ್ರಾವಣ ಹೊಡೆದು ಮಗುಚದೆ ಬಿಟ್ಟ ಬ್ಯಾರೆಲ್ಲಿನ ಮುಚ್ಚಳದ ಅಂಚಿನಲ್ಲಿ ನೀರು. ನಮ್ಮಲ್ಲಿ ಈಗ ಅಡಿಕೆ ಕಡೆ ಹೋಗುವವರಿಗೆ ಹಾಳೆ ಕಂಡರೆ ಕಾಲಲ್ಲಿ ಮಗುಚಿಕೊಂಡೇ ಹೋಗಬೇಕು ಅಂತ ಹೇಳಿದ್ದೇನೆ. ಆಸ್ಪತ್ರೆಯಿಂದ ಬಂದವಳು ಇದರಲ್ಲಿ ಎಲ್ಲರಿಗಿಂತ ಮುಂದು. ಮಗುಚಿ, ಒಳಗೆ ಇಣುಕಿ, ಮರಿ ಕಂಡರೆ ನನ್ನನ್ನು ಕೂಗುತ್ತಾಳೆ.

ಮುಂದಿನ ಫೆಬ್ರವರಿಯಲ್ಲಿ ಹೊಸ ನರ್ಸರಿಗೆ ಬಿದಿರು ಕಡಿಯುವಾಗ ನಾನು ಹೋಗಿ ಪಕ್ಕದಲ್ಲಿ ನಿಂತೆ. ಮೇಸ್ತ್ರಿ ಒಂದೊಂದು ಗಳವನ್ನೂ ಗಂಟಿನ ಮೇಲೆಯೇ ಕತ್ತರಿಸಿದರು. ಎತ್ತರ ಹೆಚ್ಚುಕಮ್ಮಿಯಾಗಿ ಚಪ್ಪರ ಡೊಂಕಾಯಿತು. ಕಂಬದ ತುದಿಗೆ ಹೆಬ್ಬೆರಳು ಒತ್ತಿ ತೋರಿಸಿ, "ನೋಡಿ ರೈಟ್ರೇ, ಒಂದು ಹನಿ ನಿಲ್ಲಲ್ಲ" ಅಂದರು. ಚೆಕ್‌ರೋಲಿನಲ್ಲಿ ಗೈರಿನ ಗುರುತಿನ ಪಕ್ಕ ಈಗ ಇನ್ನೊಂದು ಅಕ್ಷರ ಹಾಕುತ್ತೇನೆ, ಜ್ವರಕ್ಕೆ 'ಜ್ವ'. ಒಂದೇ ವಾರದಲ್ಲಿ ಒಂದೇ ಕೆಲಸದ ಸಾಲಿನಲ್ಲಿ ಎರಡು 'ಜ್ವ' ಬಿದ್ದರೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇನೆ.